ತಲಪರಿಗೆಯ ತಳದ ಗಾಳಿ

ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಹಣತೆ ಆರಿತು. ಗಂಟೆ ಇಷ್ಟು ಖಚಿತವಾಗಿ ನೆನಪಿರಲು ಕಾರಣ ನಾನು ಬಿ.ಎಸ್ಸಿ. ಪಾಸಾದಾಗ ಅಣ್ಣ ಕೊಡಿಸಿದ್ದ ಕೈಗಡಿಯಾರ. ಹೊಸದಾದ್ದರಿಂದ ಕೆಲಸವಿಲ್ಲದಿದ್ದರೂ ಅದನ್ನು ನೋಡಿಕೊಳ್ಳುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಒಂದು ಬೇಸಿಗೆ ಅದು. ಮಿಡಿಗೇಶಿ ಕಡೆಯ ನಮ್ಮೂರಿನ ಕೆರೆ ಬತ್ತಿತ್ತು. ಕೆರೆಯಂಗಳದ ತಲಪರಿಗೆಯ ಸುತ್ತ ಊರಿನವರೆಲ್ಲ ನಿಂತಿದ್ದರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ತಲಪರಿಗೆ ಎಂದರೇನೆಂದು ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ನೆಲದೊಳಗಿಂದ ನೀರು ಒಸರುವ ಕಡೆ ತೋಡಿ, ಒಳಗೆ ಕಲ್ಲು ಕಟ್ಟಿದ ಗುಂಡಿ ಅದು. ಕೆರೆ ಬತ್ತಿದ ಮೇಲೂ ಕುಡಿಯುವ ನೀರು ಕೊಡುತ್ತದೆ. ಕೆರೆ ತುಂಬಿದಾಗ ಹೂಳಿನಡಿ ಮುಚ್ಚಿಹೋಗುತ್ತದೆ, ಬತ್ತಿದಾಗ ಮನೆಗೊಬ್ಬರಂತೆ ಬಂದು ಹೂಳು ತೆಗೆಯಬೇಕು. ಆ ಸಲ ಕೆರೆ ಕೆಲವು ವರ್ಷ ಬತ್ತದೆ ನಿಂತಿದ್ದರಿಂದ ನಾವು ಗೋಡು ಎನ್ನುವ ಹೂಳು ಎರಡಾಳು ಆಳ ಕೂತಿತ್ತು.

ನಾವು ಕುರಿ ಸಾಕುವ ಜನ. ನೀರು ಇನ್ನೇನು ಕಾಣಿಸುತ್ತದೆ ಅನ್ನುವ ಹಿಂದಿನ ಸಂಜೆ ತಲಪರಿಗೆಯ ಬಾಯಿಗೆ ಹೊಸ ಕಂಬಳಿಗಳನ್ನು ಹೊದಿಸಿ ಅಂಚಿಗೆ ಕಲ್ಲು ಹೇರುವುದು ನಮ್ಮಲ್ಲಿ ಪದ್ಧತಿ. ಗಂಗಮ್ಮ ಬರುವ ಮುನ್ನ ಯಾರ ಕಣ್ಣೂ ಬೀಳಬಾರದು. ಬೆಳಿಗ್ಗೆ ಕಂಬಳಿ ತೆಗೆದು, ಬುಟ್ಟಿಯಲ್ಲಿ ಹಣತೆಯಿಟ್ಟು ಹಗ್ಗದಲ್ಲಿ ತಳಕ್ಕೆ ಬಿಡುತ್ತಾರೆ. ನಮ್ಮ ಸೋದರತ್ತೆಯೇ ಪ್ರತಿಸಲ ದೀಪ ಬಿಡುತ್ತಿದ್ದವರು. ಆವತ್ತು ಬುಟ್ಟಿ ತಳ ಮುಟ್ಟುವ ಮೊದಲೇ ದೀಪ ಆರಿತು.

“ಆರೋಯ್ತಲ್ಲೋ!” ಎಂದರು ಅತ್ತೆ.

“ಗಾಳಿ ಬೀಸೈತೆ ಬುಡಕ್ಕ,” ಎಂದರು ಚಿಕ್ಕಪ್ಪ. ಏರಿಯ ಮೇಲಿನ ಹೊಂಗೆಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.

ಗಂಗಮ್ಮನ ದೀಪ ಆರಿದರೆ ಅದನ್ನು ಹಾಗೇ ಮೇಲೆ ಎಳೆಯುವಂತಿಲ್ಲ. ಯಾರಾದರೂ ಇಳಿದು ಅಲ್ಲೇ ಹಚ್ಚಬೇಕು. ಅಣ್ಣ ಪಂಚೆ ಎತ್ತಿ ಕಟ್ಟಿದ.

“ನಾ ಓಗಿ ಅತ್ತುಸ್ಬುಟ್ಟು ಬತ್ತೀನಿ. ಒಂದು ಬೀಡಿ ಅತ್ತುಸ್ದಷ್ಟು ಕೆಲ್ಸ.”

“ಗಂಗಮ್ಮನ ಮುಂದೆ ಬೀಡಿ ಮಾತಾಡ್ತೀಯೇನ್ಲಾ? ನಿನ್ ಬಾಯಿಗಿಷ್ಟು ಗೋಡು ತುಂಬ!” ಎಂದು ಅತ್ತೆ ಗದರಿದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ಕಲ್ಲಿನ ಸಂದುಗಳಲ್ಲಿ ಕಾಲಿಡುತ್ತಾ ಇಳಿದ. ಕಡ್ಡಿ ಗೀರಿದ ಸದ್ದು ಕೇಳಿತು. ಬೆಳಕು ಬರಲಿಲ್ಲ. ಮತ್ತೊಂದು ಗೀರಿದ.

“ಯಾರ್ಲಾ ಈ ಬೆಂಕಿಪೊಟ್ಣ ಕೊಟ್ಟೋನು? ನೀರ್ನಾಗೆ ನೆನ್ಸಿ ಕೊಟ್ಟವ್ನೆ!”

ಜನ ಮತ್ತೆ ನಕ್ಕರು. ಆ ನಗುವಿನಿಂದ ನಾನು ಹೊರಗೆ ಬಿದ್ದದ್ದು ಆಗಲೇ. ಕಡ್ಡಿ ಉರಿಯದ ಕಡೆ ಮನುಷ್ಯ ಉಸಿರಾಡಲಾರ. “ಅಣ್ಣಾ, ಮ್ಯಾಕ್ಕೆ ಬಾ! ಈಗ್ಲೇ ಬಾ!” ಎಂದು ಕಿರುಚಿದೆ. ಅವನು ತಲೆಯೆತ್ತಿ ನೋಡಿದ. ಏನೋ ಹೇಳಲು ಹೊರಟು, ಒಂದು ಕೈ ಕಲ್ಲಿಗೆ ಆನಿಸಿ, ಊಟವಾದ ಮೇಲೆ ಕಂಬಕ್ಕೊರಗಿ ಕೂರುವವರ ಹಾಗೆ ನಿಧಾನವಾಗಿ ಕುಳಿತುಬಿಟ್ಟ. ಕತ್ತು ವಾಲಿತು.

ಚಿಕ್ಕಪ್ಪ ಧುಮುಕಲು ಹೊರಟರು. ನಾನು ಅವರ ಸೊಂಟ ತಬ್ಬಿ ನೆಲಕ್ಕೆ ಬಿದ್ದೆ.

“ಬುಡೇ! ನಿಮ್ಮಣ್ಣ ಸಾಯ್ತಾವ್ನೆ ಕಣೇ!”

“ನೀನೂ ಸಾಯ್ತೀಯ ಚಿಕ್ಕಪ್ಪಾ! ಅಲ್ಲಿ ಉಸ್ರಿಲ್ಲ! ಕಂಬ್ಳಿ ಬೀಸ್ರೋ, ಕಂಬ್ಳಿ!”

ಕಂಬಳಿಯನ್ನು ಮೊದಲು ಹಿಡಿದವರು ಅತ್ತೆ. ಎರಡು ಕಡೆ ಹಿಡಿದು ಗುಂಡಿಯೊಳಗೆ ಇಳಿಬಿಟ್ಟು ಬೀಸಿದರು, ಎತ್ತಿ ಮತ್ತೆ ಬೀಸಿದರು. ಯಾರೋ ಹೊಂಗೆಸೊಪ್ಪಿನ ಹೊರೆಗೆ ಹಗ್ಗ ಕಟ್ಟಿ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಕಟ್ಟಿ ಇಳಿದು, ಅಣ್ಣನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿದರು. ಮೇಲೆ ಬಂದಾಗ ಅಣ್ಣನ ತುಟಿ ನೇರಳೆಹಣ್ಣು ತಿಂದಂತಿತ್ತು. ನಾನು ಗಡಿಯಾರ ನೋಡಲಿಲ್ಲ. ಅವನು ಕೆಮ್ಮುವವರೆಗೆ ಎಷ್ಟು ಹೊತ್ತಾಯಿತೋ ಇಂದಿಗೂ ತಿಳಿಯದು.

ಮಧುಗಿರಿಯ ಆಸ್ಪತ್ರೆಯಿಂದ ಅವನು ಬಸ್ಸಿನಲ್ಲಿ ಬೀಗುತ್ತಾ ಊರಿಗೆ ಬಂದ. ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ: “ಬಾಗ್ಲು ತಾವ್ಕೂ ಓಗಿದ್ದೆ. ಯಮರಾಯ ಊಟಕ್ಕೆ ಕುಂತಿದ್ದ. ಆಮೇಲೆ ಬಾ ಅಂದ.” ಊರವರು ಗಂಗಮ್ಮನಿಗೆ ಟಗರು ಒಪ್ಪಿಸಿ, ಉಂಡು, ಆ ವಿಷಯ ಅಲ್ಲಿಗೆ ಮುಗಿಸಿದರು. ಮುಗಿಯದೆ ಉಳಿದವಳು ನಾನೊಬ್ಬಳೇ. ಕಣ್ಣು ಮುಚ್ಚಿದರೆ ಕಡ್ಡಿ ಗೀರುವ ಸದ್ದು. ಎದ್ದು ಅಣ್ಣನ ಮೂಗಿನ ಬಳಿ ಕೈಯಿಟ್ಟು ನೋಡಿ ಬಂದು ಮಲಗಿದರೆ ಮತ್ತೆ ಅದೇ ಸದ್ದು. ಒಮ್ಮೆ ಹಾಗೆ ಕೈಯಿಟ್ಟಾಗ ಅವನು ಎಚ್ಚರಗೊಂಡು, “ಲೇ, ಮೂಗುತಿ ಕದಿಯಾಕೆ ಬಂದ್ಯಾ?” ಎಂದು ನಕ್ಕು ಮಗ್ಗುಲಾದ. ಅವನ ನಗು ಕೇಳಿ ನನಗೆ ಇನ್ನಷ್ಟು ಒಂಟಿಯೆನಿಸಿತು.

ಮಧ್ಯಾಹ್ನ ಜನ ಮನೆ ಸೇರಿದ ಹೊತ್ತಿನಲ್ಲಿ ಒಬ್ಬಳೇ ಕೆರೆಗೆ ಹೋಗುತ್ತಿದ್ದೆ. ಹಳ್ಳ ಕೆರೆಗೆ ಬಂದು ಬೀಳುವ ಕಡೆ ಹೂಳು ಅಂಗೈ ಬಿಚ್ಚಿದಂತೆ ಹರಡಿರುತ್ತದೆ. ತಲಪರಿಗೆ ಇರುವುದು ಆ ಅಂಗೈಯ ನಡುವೆ. ತೋಡಿದ ಗೋಡೆಯಲ್ಲಿ ಪದರಗಳು ಕಾಣುತ್ತಿದ್ದವು: ಒಂದು ಮಳೆಯ ಮರಳು, ಮೇಲೆ ಕಪ್ಪು ಗೋಡು, ಮತ್ತೆ ಮರಳು. ಕಪ್ಪನ್ನು ಉಗುರಿನಿಂದ ಕೆರೆದರೆ ಹೊಂಗೆ ಎಲೆಯ ನರಗಳು, ಕುರಿ ಹಿಕ್ಕೆಯ ಪುಡಿ. ತುಮಕೂರಿನ ಕಾಲೇಜಿನಲ್ಲಿ ನಮ್ಮ ಮೇಷ್ಟರು ನದಿಗಳು ಸಮುದ್ರ ಸೇರುವ ಜಾಗದ ಬಗ್ಗೆ ಹೇಳಿದ್ದರು. ನದಿ ಹೊತ್ತು ತಂದ ಸೊಪ್ಪುಸದೆ ಕಡಲ ತಳದ ಕೆಸರಲ್ಲಿ ಕೂರುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಇಂಗಾಲವನ್ನು ಗಾಳಿಯಾಗಿ ಬಿಡುತ್ತವೆ, ಅವು ತಿನ್ನದೆ ಬಿಟ್ಟದ್ದು ಹೂತು ಉಳಿಯುತ್ತದೆ. ನಾನು ಸಮುದ್ರ ಕಂಡವಳಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದೇ ಕೆಲಸ ನಮ್ಮ ಕೆರೆಯ ತಳದಲ್ಲೂ ನಡೆದಿತ್ತು. ಎಂದೋ ಉದುರಿದ ಎಲೆ ಬಿಟ್ಟ ಉಸಿರು, ರಾತ್ರಿಯಿಡೀ ಕಂಬಳಿಯಡಿ ನಿಂತು, ಅಣ್ಣನ ಉಸಿರಿನ ಜಾಗ ಹಿಡಿದಿತ್ತು. ಬಯಲಿಗೆ ಬಿಟ್ಟಿದ್ದರೆ ಅದೇ ಉಸಿರು ಮತ್ತೆ ಯಾವುದಾದರೂ ಮರದ ಎಲೆಯಾಗುತ್ತಿತ್ತು. ಇದನ್ನು ಹೇಳಿಕೊಳ್ಳಲು ಊರಿನಲ್ಲಿ ನನಗೊಬ್ಬರೂ ಇರಲಿಲ್ಲ.

ಅಷ್ಟರಲ್ಲಿ ಊರಿಗೆ ನೀರು ಸಾಲದಾಯಿತು. ಅರ್ಧಕ್ಕೆ ನಿಂತಿದ್ದ ತಲಪರಿಗೆಯನ್ನು ಪೂರ್ತಿ ತೋಡಲೇಬೇಕು. ಬಿಟ್ಟ ಕೆಲಸಕ್ಕೆ ಬಿಟ್ಟವನೇ ಇಳಿಯಬೇಕೆಂದು ಹಿರಿಯರು ತೀರ್ಮಾನಿಸಿದರು. ಅಣ್ಣ ಹೂಂ ಅಂದ. ನಾನು ಅತ್ತೆಯ ಬಳಿ ಓಡಿದೆ.

“ಕಂಬ್ಳಿ ವೊದಿಸ್ಬ್ಯಾಡ ಅತ್ತೆ. ತಳದಾಗೆ ಕೆಟ್ಟ ಗಾಳಿ ನಿಂತ್ಕಂತದೆ.”

“ಗಂಗಮ್ಮನ ತಾವ ಕೆಟ್ಟ ಗಾಳಿನಾ? ಓದ್ದೋಳು ಆಡೋ ಮಾತೇನೇ ಇದು?”

“ಗಂಗಮ್ಮಂದಲ್ಲ ಅತ್ತೆ. ಹಳ್ಳ ಕೊಚ್ಕಂಡ್ ಬಂದ ಎಲೆದು.”

ಅತ್ತೆ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಲಿಲ್ಲ.

ಅಣ್ಣ ಇಳಿಯಬೇಕಿದ್ದ ಹಿಂದಿನ ಸಂಜೆ ಪದ್ಧತಿಯಂತೆ ಕಂಬಳಿ ಹೊದಿಸಿದರು. ಆ ರಾತ್ರಿಯೂ ನನಗೆ ನಿದ್ದೆಯಿಲ್ಲ. ಬೆಳಿಗ್ಗೆ ಅತ್ತೆ ಹಣತೆ ಹಚ್ಚುವ ಮೊದಲು ಗಂಡಸರ ಕಡೆ ತಿರುಗಿದರು.

“ತಾಯಿ ಬಿಸಿಲ್ನಾಗೆ ಬೆಂದವ್ಳೆ. ಮೊದ್ಲು ಚಾಮರ ಬೀಸ್ರಿ. ಕಂಬ್ಳೀಲೇ ಬೀಸ್ರಿ.”

“ಇದ್ಯಾವ ಹೊಸ ಪದ್ಧತಿಯಕ್ಕ?” ಎಂದರು ಚಿಕ್ಕಪ್ಪ.

“ಹಳೇದೇ ಕಣ್ಲಾ. ಆಗ ನೀನಿನ್ನೂ ಉಟ್ಟಿರ್ಲಿಲ್ಲ. ಬೀಸು!”

ತೋಳು ಸೋಲುವ ತನಕ ಬೀಸಿದರು. ಆಮೇಲೆ ಬುಟ್ಟಿ ಇಳಿಯಿತು. ಗೋಡು ಮುಟ್ಟಿತು. ದೀಪ ಒಮ್ಮೆ ಕುಗ್ಗಿ, ಮತ್ತೆ ಎದ್ದು ನಿಂತಿತು. ಅತ್ತೆ ನನ್ನ ಕಡೆ ನೋಡಲಿಲ್ಲ. ದೀಪದ ಪಕ್ಕಕ್ಕೆ ಅಣ್ಣ ಇಳಿದ. ಇಳಿಯುತ್ತಲೇ ಕೂಗಿದ: “ಲೇ ಅಮ್ಮಣ್ಣಿ, ಉಸ್ರು ಐತೆ ಕಣೇ! ನೀನೂ ಬುಡು ಒಸಿ!”

ಆಗ ಗೊತ್ತಾಯಿತು, ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಮಧ್ಯಾಹ್ನ ಕಲ್ಲಿನ ಸಂದಿನಿಂದ ನೀರು ಜಿನುಗಿತು. ಮೊದಲ ಬಿಂದಿಗೆಯನ್ನು ಅತ್ತೆ ತಾವೇ ಹೊತ್ತು ನಮ್ಮ ಮನೆಗೆ ತಂದರು. ಸಂಜೆ ಚಾಪೆ ಹಾಸಿದ್ದಷ್ಟೇ ನನಗೆ ನೆನಪು. ಮತ್ತೆ ಕಣ್ಣು ತೆರೆದಾಗ ಬಿಸಿಲು ಹೊಸ್ತಿಲು ದಾಟಿ ಕಾಲ ಮೇಲೆ ಬಿದ್ದಿತ್ತು. ಅಣ್ಣ ಆಗಲೇ ಕುರಿ ಹೊಡೆದುಕೊಂಡು ಹೋಗಿದ್ದ. ಅವನ ಉಸಿರು ನೋಡಲು ನಾನು ಒಮ್ಮೆಯೂ ಎದ್ದಿರಲಿಲ್ಲ.