ಕಂಡಕ್ಟರಣ್ಣನ ವೋಟು

ಬಸ್ಸು ಪುಂಜಾಲಕಟ್ಟೆ ದಾಟಿ ತಿರುವಿಗೆ ಹೊರಳುವಾಗ ನನ್ನ ಹಿಂದಿನ ಸೀಟಿನ ಹೆಂಗಸು ಲಿಂಬೆಹುಳಿಯೊಂದನ್ನು ಉಗುರಿನಿಂದ ಗೀರಿ ಮಗಳ ಮೂಗಿಗೆ ಹಿಡಿದಳು. ಬಸ್ಸಿನಲ್ಲಿ ವಾಂತಿ ಬರುವ ಮಕ್ಕಳಿಗೆ ನಮ್ಮ ಕಡೆ ಮಾಡುವ ಮದ್ದು ಅದು. ಆ ಹಸಿ ವಾಸನೆ ನನ್ನವರೆಗೂ ಬಂತು. ನಾನು ಫೋನಿನಿಂದ ತಲೆಯೆತ್ತಿ, ಗೊತ್ತಿಲ್ಲದೆಯೇ ಎದುರಿನ ಬಾಗಿಲ ಕಡೆ ನೋಡಿದೆ. ಅಲ್ಲಿ ಕಂಬಿ ಹಿಡಿದು ನಿಂತಿದ್ದವನು ಯಾರೋ ಹೊಸ ಹುಡುಗ...

ಫೋನಿನಲ್ಲಿ ಆಗ ನಡೆಯುತ್ತಿದ್ದದ್ದು ಯುದ್ಧ. ಕಾಲೇಜು ಕಾಲದ ನಮ್ಮ ಸಿನಿಮಾ ಗುಂಪು ಸಾಮಾನ್ಯವಾಗಿ ಮಲಗಿಯೇ ಇರುತ್ತದೆ. ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ದೀಪಾವಳಿಗೆ ಹಣತೆಯ ಚಿತ್ರ, ಅಷ್ಟೆ. ಆ ದಿನ ಮಾತ್ರ ಬೆಳಗ್ಗಿನಿಂದ ಫೋನು ನಡುಗುತ್ತಲೇ ಇತ್ತು. ನಾವು ಹುಚ್ಚು ಹಿಡಿದವರಂತೆ ನೋಡುತ್ತಿದ್ದ ಸೂಪರ್‌ಹೀರೋ ಸಿನಿಮಾಗಳ ಸಾಲೊಂದು ಅರ್ಧಕ್ಕೇ ನಿಂತುಹೋಗಿತ್ತು. ಅದನ್ನು ಈಗ ಬೇರೆ ಕಂಪೆನಿ ಕೊಂಡಿದೆಯಂತೆ, ಮತ್ತೆ ಶುರು ಮಾಡುತ್ತದಂತೆ. ಹಳೆಯ ಕಥೆಯನ್ನು ನಿಂತಲ್ಲಿಂದ ಮುಂದುವರಿಸಬೇಕೋ, ಇಲ್ಲ ಹಿಂದಿನದನ್ನೆಲ್ಲ ಒರೆಸಿ ಹೊಸ ನಟರೊಂದಿಗೆ ಮೊದಲಿಂದ ಆರಂಭಿಸಬೇಕೋ ಎಂಬುದು ಪ್ರಶ್ನೆ. ಗುಂಪಿನಲ್ಲಿ ಯಾರೋ ವೋಟು ಬೇರೆ ಇಟ್ಟಿದ್ದರು. ಏಳು ಸಮುದ್ರದಾಚೆಯ ಸ್ಟುಡಿಯೋದವರು ಬೆಳ್ತಂಗಡಿಯವರ ವೋಟಿಗೆ ಬಾಯಿಬಿಟ್ಟು ಕಾದಿರುವ ಹಾಗೆ!

ಇದೇ ಪ್ರಶ್ನೆಗೆ ನಾವು ಹಿಂದೊಮ್ಮೆ ಜಗಳವಾಡಿದ್ದೆವು. ಆಗ ಜಗಳ ನಡೆದದ್ದು ಫೋನಿನಲ್ಲಲ್ಲ, ಬಸ್ಸಿನಲ್ಲಿ.

ಮುಂಡಾಜೆಯಿಂದ ಬೆಳಗ್ಗೆ ಹೊರಟು ಬೆಳ್ತಂಗಡಿ, ವೇಣೂರು ಹಾದು ಮೂಡಬಿದ್ರೆಗೆ ಹೋಗುತ್ತಿದ್ದ ಖಾಸಗಿ ಬಸ್ಸು ಅದು. ನಾನು ಬೆಳ್ತಂಗಡಿಯಲ್ಲಿ ಹತ್ತುತ್ತಿದ್ದೆ. ಬಸ್ಸಿನಲ್ಲಿ ಅರ್ಧದಷ್ಟು ಮಂದಿ ಮೂಡಬಿದ್ರೆಯ ಕಾಲೇಜಿಗೆ ಹೋಗುವವರೇ. ಹುಡುಗಿಯರಾದ ನಾವು ಎದುರಿಗೆ, ಹುಡುಗರು ಹಿಂದೆ. ಎಲ್ಲಿಯೂ ಬರೆದಿಟ್ಟ ಕಾನೂನಲ್ಲ, ಆದರೂ ಯಾರೂ ಮೀರುತ್ತಿರಲಿಲ್ಲ. ಹಿಂದಿನವರು ಹೇಳಿದ್ದು ಎದುರಿಗೆ ಕೇಳಬೇಕಾದರೆ ಬೊಬ್ಬೆ ಹೊಡೆಯಬೇಕು. ಬೊಬ್ಬೆ ಹೊಡೆದರೆ ನಡುವಿನ ಸೀಟಿನ ಮಾವಂದಿರ ಮೂಲಕ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಫೋನು ಇದ್ದರೂ ಆ ದಾರಿಯಲ್ಲಿ ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ನಮ್ಮ ವಾದಗಳನ್ನು ಟಿಕೆಟಿನ ಜೊತೆಗೆ ಹಿಂದಕ್ಕೂ ಮುಂದಕ್ಕೂ ಸಾಗಿಸುವ ಕೆಲಸ ಕಂಡಕ್ಟರಣ್ಣನ ಪಾಲಿಗೆ ಬಂತು.

ಅವರಿಗೆ ಆಗ ನಲವತ್ತರ ಆಸುಪಾಸು. ಸಣಕಲು ಮೈ. ಖಾಕಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಲಿಂಬೆಹುಳಿ. ಯಾರ ಮುಖ ಸ್ವಲ್ಪ ಬಾಡಿದರೂ ಅದನ್ನು ಗೀರಿ ಕೊಟ್ಟು, “ಮೂಸು, ಕಿಟಕಿಯ ಹೊರಗೆ ನೋಡು, ನನ್ನ ಬಸ್ಸನ್ನು ತೊಳೆಯುವ ಹಾಗೆ ಮಾಡ್ಬೇಡ” ಎನ್ನುತ್ತಿದ್ದರು. ಪಕ್ಕದಲ್ಲಿ ಹಾದುಹೋದರೆ ಉಪ್ಪಿನಕಾಯಿ ಭರಣಿ ತೆರೆದ ಹಾಗೆ ವಾಸನೆ ಬರುತ್ತಿತ್ತು. ಎಲ್ಲರೊಂದಿಗೂ ತುಳುವಿನಲ್ಲೇ ಮಾತು. ನಮ್ಮ ವಾದ ಸಾಗಿಸುವಾಗ ಮಾತ್ರ ಶಾಲೆಯ ಕನ್ನಡಕ್ಕೆ ಬಂದುಬಿಡುತ್ತಿದ್ದರು. ಅದು ಕಚೇರಿಯ ವ್ಯವಹಾರವಲ್ಲವೇ!

“ಹಿಂದಿನವರು ಹೇಳ್ತಾರೆ, ಬಂಡೆಗೆ ವಯಸ್ಸಾಯ್ತು, ಅವನನ್ನು ತೆಗೆದು ಹೊಸಬನನ್ನು ಹಾಕ್ಬೇಕಂತೆ. ನಿಮ್ಮದು ಎಂಥ ಅಭಿಪ್ರಾಯ?”

“ವಯಸ್ಸಾದದ್ದು ಅವರ ತಲೆಗೆ ಅಂತ ಹೇಳಿ.”

ಅವರು ಗಂಭೀರವಾಗಿ ತಲೆಯಾಡಿಸಿ ಹಿಂದಕ್ಕೆ ಹೋಗುತ್ತಿದ್ದರು. ಅಲ್ಲಿ ಏನು ಹೇಳುತ್ತಿದ್ದರೆಂದು ನಮಗೆ ಕೇಳಿಸುತ್ತಿರಲಿಲ್ಲ.

ಬಂಡೆ ಎಂದದ್ದು ಆ ಸಿನಿಮಾಗಳ ದೊಡ್ಡ ನಾಯಕನಿಗೆ. ಅವನ ಕೈ ಕಲ್ಲಿನದು. ಇಂಗ್ಲಿಷ್ ಹೆಸರುಗಳು ನಾಲಗೆಗೆ ತೊಡಕಾದ್ದರಿಂದ ಕಂಡಕ್ಟರಣ್ಣ ಎಲ್ಲರಿಗೂ ತಾವೇ ಹೆಸರಿಟ್ಟಿದ್ದರು. ಬಂಡೆಯ ತಮ್ಮನಿಗೆ ಊರಾಚೆಯ ಪಿಸುಮಾತೂ ಕೇಳಿಸುತ್ತಿತ್ತು, ಅವನು ‘ಕಿವಿ’. ಬಂಡೆಗೊಂದು ಸಿನಿಮಾ, ಕಿವಿಗೊಂದು ಸಿನಿಮಾ, ಉಳಿದವರಿಗೆ ಒಂದೊಂದು, ನಡುನಡುವೆ ಎಲ್ಲರೂ ಸೇರಿದ್ದೊಂದು. ಕಂಡಕ್ಟರಣ್ಣ ಇವುಗಳಲ್ಲಿ ಒಂದನ್ನೂ ನೋಡಿದವರಲ್ಲ. ನಾವು ಜಗಳವಾಡಿದ್ದನ್ನು ಹೊತ್ತು ತಿರುಗಿಯೇ ಪೂರ್ತಿ ಕಥೆ ಅವರ ತಲೆಗೆ ಹೋಗಿತ್ತು, ಸ್ವಲ್ಪ ಹಿಂದುಮುಂದಾಗಿ. ಒಮ್ಮೆ ಎಲ್ಲರೂ ಸೇರಿ ಸಿನಿಮಾಕ್ಕೆ ಕರೆದೆವು. “ಬೇಡ ಮಾರಾಯ್ತಿ, ನಿಮ್ಮ ಬಾಯಲ್ಲಿ ಕೇಳುವುದೇ ಲಾಯ್ಕ್” ಎಂದು ಜಾರಿಕೊಂಡರು.

ಕೊನೆಗೆ ಬಂದ ಸಿನಿಮಾದಲ್ಲಿ ಅಣ್ಣತಮ್ಮಂದಿರಿಗೆ ಜಗಳವಾಗುತ್ತದೆ. ಕಿವಿ ಸಿಟ್ಟಿನಲ್ಲಿ ಬೆಳಕಿನ ಬಾಗಿಲೊಂದನ್ನು ದಾಟಿ ಬೇರೆ ಲೋಕಕ್ಕೆ ಹೋಗುತ್ತಾನೆ. ಬಾಗಿಲು ಮುಚ್ಚುತ್ತದೆ. ಬಂಡೆ ತನ್ನ ಕಲ್ಲಿನ ಕೈಯಿಂದ ಅದನ್ನು ಗುದ್ದುತ್ತಾ ಇರುವಾಗ ಸಿನಿಮಾ ಮುಗಿಯುತ್ತದೆ. ಮುಂದಿನ ಭಾಗ ಯಾವಾಗ ಎಂದು ನಾವೆಲ್ಲ ಕಾಯುತ್ತಿದ್ದೆವು. ನಮಗಿಂತ ಹೆಚ್ಚು ಕಾದದ್ದು ಕಂಡಕ್ಟರಣ್ಣ ಎಂಬುದು ಆಗ ಹೊಳೆದಿರಲಿಲ್ಲ. ಪ್ರತಿ ಸೋಮವಾರ, ನಾನು ಬಸ್ಸು ಹತ್ತುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು.

“ಬಾಗಿಲು ತೆರೆಯಿತಾ?”

“ಇಲ್ಲ ಅಣ್ಣ.”

“ರೈಟ್ ಪೋಯಿ!” ಎಂದು ಅವರು ಡ್ರೈವರಿಗೆ ಕೂಗುತ್ತಿದ್ದರು. ಹೊರಡುವ ಎಂದರ್ಥ.

ಅಂಥದರಲ್ಲಿ ಬಂತು ಸುದ್ದಿ. ಕಂಪೆನಿಗೆ ನಷ್ಟವಾಗಿದೆಯಂತೆ, ಎಲ್ಲವನ್ನೂ ಮೊದಲಿಂದ ಆರಂಭಿಸುವ ಯೋಚನೆ ಉಂಟಂತೆ. ಹೊಸ ಬಂಡೆ, ಹೊಸ ಕಿವಿ. ಹಿಂದೆ ನಡೆದದ್ದು ನಡೆದೇ ಇಲ್ಲ ಎಂದು ಲೆಕ್ಕ. ಬಸ್ಸು ಎರಡು ಪಕ್ಷವಾಯಿತು. ಹಿಂದಿನ ಸೀಟಿನಲ್ಲಿ ಬಾಯಿಬಡುಕ ಹುಡುಗನೊಬ್ಬ ಇದ್ದ, ನಾವು ಅವನನ್ನು ವಕೀಲ ಎನ್ನುತ್ತಿದ್ದೆವು. ಕಥೆ ಹಲಸಿನ ಮೇಣದ ಹಾಗೆ ಅಂಟಂಟಾಗಿದೆ, ಹೊಸಬರು ಎಲ್ಲಿಂದ ನೋಡಬೇಕು, ತೊಳೆದು ಹಾಕುವುದೇ ಒಳ್ಳೆಯದು ಎಂಬುದು ಅವನ ವಾದ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾವು ಅತ್ತದ್ದು ನಕ್ಕದ್ದೆಲ್ಲ ಸುಳ್ಳೇ? ಹಾಗೆಂದು ಹೇಳಿ ಕಳಿಸಿದೆ. ಕಂಡಕ್ಟರಣ್ಣ ಎರಡು ವಾರ ಬೆವರು ಸುರಿಸಿ ಸಾಗಿಸಿದರು.

ನಂತರ ಒಂದು ದಿನ ಬಂದು, “ಹಿಂದಿನವರು ಕಥೆ ಮುಂದುವರಿಸಲು ಒಪ್ಪಿದ್ದಾರೆ. ಆದರೆ ಒಂದು ಷರತ್ತು ಉಂಟಂತೆ. ಮೊದಲು ಕಿವಿ ಮನೆಗೆ ಬರ್ಬೇಕು. ಆಮೇಲೆ ಕಂಪೆನಿ ಎಂಥ ಬೇಕಾದ್ರೂ ಮಾಡ್ಲಿ” ಎಂದರು.

ಪರವಾಗಿಲ್ಲ, ಈ ಹುಡುಗರಿಗೂ ಹೃದಯ ಎಂಬುದೊಂದು ಇದೆ ಎಂದುಕೊಂಡೆವು. ಷರತ್ತಿಗೆ ಒಪ್ಪಿಗೆ ಕಳಿಸಿದೆವು.

ಅದೇ ವಾರ ಮೂಡಬಿದ್ರೆ ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲು ಕುಡಿಯುತ್ತಿದ್ದಾಗ ವಕೀಲನೂ ಅವನ ಪಟಾಲಮ್ಮೂ ಎದುರಾದರು. ನಿಮ್ಮ ಷರತ್ತು ಚೆನ್ನಾಗಿತ್ತು ಎಂದೆ. ಅವನು ಕಣ್ಣರಳಿಸಿದ. “ನಮ್ಮ ಷರತ್ತಾ? ಎದುರಿನವರು ಕಿವಿ ಬಾರದೆ ಬಿಡುವುದಿಲ್ಲ ಅಂತ ಹಟ ಹಿಡಿದಿದ್ದಾರೆ ಅಂತ ಕಂಡಕ್ಟರಣ್ಣ ಹೇಳಿದ್ದು!”

ಅಲ್ಲೇ ನಿಂತು ಎಲ್ಲವನ್ನೂ ತಾಳೆ ನೋಡಿದೆವು. ನಾವು ಕಳಿಸಿದ ಬೈಗಳೊಂದೂ ಹಿಂದಕ್ಕೆ ತಲುಪಿರಲಿಲ್ಲ. ‘ಅವರ ತಲೆಗೆ ವಯಸ್ಸಾಗಿದೆ’ ಎಂಬುದು ಹಿಂದೆ ಹೋಗಿ ‘ಆಲೋಚನೆ ಮಾಡ್ತೇವೆ ಅಂದಿದ್ದಾರೆ’ ಆಗಿತ್ತು. ಕಿವಿಯ ಷರತ್ತನ್ನು ಎರಡು ಕಡೆಯವರೂ ಹೇಳಿರಲೇ ಇಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮರುದಿನ ಬೆಳಗ್ಗೆ ನಾನೇ ಕಂಡಕ್ಟರಣ್ಣನನ್ನು ಹಿಡಿದೆ. ವೇಣೂರಿನಲ್ಲಿ ಟೈಮಿಗಾಗಿ ಬಸ್ಸು ಸ್ವಲ್ಪ ನಿಲ್ಲುತ್ತಿತ್ತು. ಡ್ರೈವರ್ ಚಾ ಕುಡಿಯಲು ಇಳಿದಿದ್ದರು. “ಆ ಷರತ್ತು ಯಾರದ್ದು ಅಣ್ಣ?” ಎಂದೆ. ಅವರು ಸಿಕ್ಕಿಬಿದ್ದ ಕಳ್ಳನ ಹಾಗೆ ನಕ್ಕರು. ಜೇಬಿನಿಂದ ಲಿಂಬೆಹುಳಿ ತೆಗೆದು ಕೈಯಲ್ಲಿ ಹೊರಳಿಸಿದರು. ನಗು ಹಾಗೆಯೇ ಇಳಿಯಿತು.

“ನನಗೊಬ್ಬ ತಮ್ಮ ಉಂಟು ಮಾರಾಯ್ತಿ” ಎಂದರು. “ದೊಡ್ಡ ವಿಷಯ ಎಂಥದೂ ಅಲ್ಲ. ಊಟಕ್ಕೆ ಕೂತಾಗ ಒಂದು ಮಾತು ಹೆಚ್ಚಾಯ್ತು, ಅಷ್ಟೆ. ಮರುದಿನ ಚೀಲ ಹಿಡ್ಕೊಂಡು ಇದೇ ಬಸ್ಸು ಹತ್ತಿದ. ನಾನು ಟಿಕೆಟ್ ಕೇಳ್ಲಿಲ್ಲ. ಅವನೇ ಹಣ ಮುಂದೆ ಹಿಡಿದು ‘ಮೂಡಬಿದ್ರೆ ಒಂದು’ ಅಂದ. ಗುರ್ತವೇ ಇಲ್ಲದವನ ಹಾಗೆ. ನನಗೂ ಸಿಟ್ಟು ಬಂತು. ಹರಿದು ಕೊಟ್ಟೆ.”

ಮೂಡಬಿದ್ರೆಯಲ್ಲಿ ತಮ್ಮ ಇಳಿದನಂತೆ. ಇವರು ಅವನ ಬೆನ್ನು ನೋಡುತ್ತಾ “ರೈಟ್ ಪೋಯಿ” ಎಂದರಂತೆ. ಆಮೇಲೆ ಮಸ್ಕತ್ತಿನಲ್ಲಿದ್ದಾನೆ ಎಂದು ಒಬ್ಬರು, ಅಲ್ಲಿ ಇಲ್ಲ ಎಂದು ಇನ್ನೊಬ್ಬರು... ವರ್ಷಗಳು ಹೋದವು.

ಡ್ರೈವರ್ ಬಂದು ಕೂತರು. ಕಂಡಕ್ಟರಣ್ಣ ಲಿಂಬೆಹುಳಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲಿಗೆ ಹೋದರು.

ನಾನು ಗೆಳತಿಯರಿಗೆ ಹೇಳಿದೆ, ಅವರಿಂದ ಹಿಂದಿನ ಸೀಟಿಗೂ ಗೊತ್ತಾಯಿತು. ಯಾರೂ ಅವರನ್ನು ತಮಾಷೆ ಮಾಡಲಿಲ್ಲ. ವಕೀಲನೂ ಪಕ್ಷ ಬದಲಿಸಿದ. ಇಡೀ ಬಸ್ಸು ಒಂದಾಗಿ ಕಥೆ ಮುಂದುವರಿಯಬೇಕು, ಬಾಗಿಲು ತೆರೆಯಬೇಕು ಎಂದು ಕಾಯತೊಡಗಿತು. ಆದರೆ ಕಂಪೆನಿಯವರು ನಮ್ಮ ಬಸ್ಸಿನಲ್ಲಿ ಬರುವವರಲ್ಲವಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಮಾನ ಹೊರಬಿತ್ತು. ಹಳೆಯದಕ್ಕೆ ಮಂಗಳ, ಎಲ್ಲ ಮೊದಲಿಂದ.

ಆ ಬೆಳಗ್ಗೆ ಯಾರಿಗೂ ಹೇಳುವ ಧೈರ್ಯವಿರಲಿಲ್ಲ. ಅವರು “ಬಾಗಿಲು ತೆರೆಯಿತಾ?” ಎಂದಾಗ ನಾನು ಬ್ಯಾಗಿನಲ್ಲಿ ಏನೋ ಹುಡುಕತೊಡಗಿದೆ. ಗುರುವಾಯನಕೆರೆ ದಾಟಿದ ಮೇಲೆ ಹಿಂದಿನಿಂದ ವಕೀಲ ಎದ್ದು, ಜನರ ನಡುವೆ ನುಗ್ಗಿಕೊಂಡು ಹುಡುಗಿಯರ ಸೀಟಿನವರೆಗೂ ಬಂದ. ಹಾಗೆ ಬಂದ ಹುಡುಗ ಅವನೊಬ್ಬನೇ.

“ಅಣ್ಣ, ಅವರು ಮೊದಲಿಂದ ಮಾಡ್ತಾರಂತೆ.”

ಕಂಡಕ್ಟರಣ್ಣ ಟಿಕೆಟ್ ಹರಿಯುತ್ತಿದ್ದ ಕೈಯನ್ನು ನಿಲ್ಲಿಸಿದರು. “ಹಾಗಾದ್ರೆ ಕಿವಿ? ಅವನು ಬರುವುದೇ ಇಲ್ವಾ?”

ವಕೀಲ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದನೋ, ಆ ಕ್ಷಣಕ್ಕೆ ಹೊಳೆಯಿತೋ, ನಾನು ಕೇಳಿಲ್ಲ. “ಬರುವುದು ಎಂಥದ್ದು ಅಣ್ಣ? ಅವನು ಮನೆಯಲ್ಲೇ ಇದ್ದಾನೆ. ಇನ್ನೂ ಜಗಳವೇ ಆಗ್ಲಿಲ್ಲ.”

ಯಾರೋ ಹೆಂಗಸು ತನ್ನ ಸ್ಟಾಪು ಹೋಯಿತೆಂದು ಬೊಬ್ಬೆ ಹೊಡೆದಳು. ಡ್ರೈವರ್ ತಾವೇ ಬ್ರೇಕ್ ಒತ್ತಿದರು. ಕಂಡಕ್ಟರಣ್ಣನ ಮುಖದಲ್ಲಿ ಆಗ ಬಂದ ಬೆಳಕನ್ನು ನಾನು ಹತ್ತಿರದಿಂದ ನೋಡಿದ್ದೇನೆ.

“ಹೌದಲ್ವಾ...” ಎಂದರು. “ಹಾಗಾದ್ರೆ ಮೊದಲಿಂದಲೇ ಮಾಡ್ಲಿ ಮಾರಾಯ. ಈ ಸಲ ಟಿಕೆಟ್ ಕೊಡುವುದು ಬೇಡ.”

ಅಂದಿನಿಂದ ಮೊದಲಿಂದ ಮಾಡುವ ಪಕ್ಷಕ್ಕೆ ಅವರೇ ಯಜಮಾನರು. ಸಿನಿಮಾದ ಗಂಧಗಾಳಿ ಇಲ್ಲದ ನಡುವಿನ ಸೀಟಿನವರಿಗೂ ಅದರ ಲಾಭ ವಿವರಿಸುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಒಪ್ಪಿಗೆಯಾಗಲಿಲ್ಲ. ನಡೆದದ್ದನ್ನು ಒರೆಸುವುದು ಮೋಸ, ಕಥೆ ಎಂದರೆ ಕೊನೆಯವರೆಗೆ ಹೋಗಬೇಕು, ಕಾದವರಿಗೆ ಉತ್ತರ ಸಿಗಬೇಕು ಎಂದೇ ನಂಬಿದ್ದೆ. ಅವರೆದುರು ವಾದ ಮಾಡಲಿಲ್ಲ, ಅಷ್ಟೆ.

ನಮ್ಮ ಕಾಲೇಜು ಮುಗಿಯಿತು. ಕಂಪೆನಿ ಹೇಳಿದ್ದು ಹೇಳಿದಲ್ಲೇ ಉಳಿಯಿತು, ಹೊಸ ಸಿನಿಮಾ ಬರಲೇ ಇಲ್ಲ. ನಾನು ಬಿ.ಸಿ. ರೋಡಿನ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದೆ, ದಾರಿ ಬದಲಾಯಿತು, ಬಸ್ಸೂ ಬದಲಾಯಿತು. ಎರಡು ವರ್ಷದ ಹಿಂದೆ ಲ್ಯಾಬಿಗೆ ರಕ್ತ ಪರೀಕ್ಷೆಗೆಂದು ಬಂದವರ ಮುಖ ಎಲ್ಲೋ ನೋಡಿದ ಹಾಗಿತ್ತು. ನಮ್ಮ ಹಳೆಯ ಡ್ರೈವರ್. ನಾನು ಮೊದಲು ಕೇಳಿದ್ದೇ ಕಂಡಕ್ಟರಣ್ಣ ಹೇಗಿದ್ದಾರೆ ಎಂದು.

“ಹೋದ್ರು ಮಾರಾಯ್ತಿ” ಎಂದರು ಅವರು. ಎದೆನೋವು ಬಂದು ಆಸ್ಪತ್ರೆಗೆ ಮುಟ್ಟುವ ಮೊದಲೇ. ನಾನು ಸೂಜಿ ಕೆಳಗಿಟ್ಟೆ. ಅವರು ತೋಳು ಮಡಚಿಕೊಂಡು ಮುಂದುವರಿಸಿದರು. “ಅವರ ಬೊಜ್ಜದ ಊಟ ಇದ್ದ ದಿನ ಬೆಳಗ್ಗೆ ಬಸ್ಸು ಬಿಟ್ಟದ್ದು ನಾನೇ. ವಾಪಸ್ ಬರುವಾಗ ಮೂಡಬಿದ್ರೆಯಲ್ಲಿ ಒಬ್ಬ ಹತ್ತಿದ. ಹೊಸ ಕಂಡಕ್ಟರನ ಹತ್ರ ‘ಮುಂಡಾಜೆ ಒಂದು’ ಅಂದ. ಸ್ವರ ಕೇಳಿಯೇ ನನಗೆ ಗೊತ್ತಾಯ್ತು. ಅದೇ ಸ್ವರ, ಅಣ್ಣನದ್ದೇ.”

ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನನ್ನು ನೋಡುತ್ತಲೇ ಬಂದರಂತೆ. ಅವನು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದನಂತೆ...

ಇದನ್ನು ಅಂದೇ ಗುಂಪಿನಲ್ಲಿ ಬರೆದಿದ್ದೆ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಮಾತ್ರ ಬಹಳ ದಿನ ಅದನ್ನೇ ಅಗಿಯುತ್ತಿದ್ದೆ. ಕಥೆ ಮುಂದುವರಿಯಬೇಕು ಎಂದವಳು ನಾನು. ಮುಂದುವರಿಯಿತು. ಕಾದರೆ ತಮ್ಮ ಬರುತ್ತಾನೆ ಎಂದಿದ್ದೆ. ಬಂದ, ಅಣ್ಣನ ಉತ್ತರಕ್ರಿಯೆಯ ಊಟಕ್ಕೆ. ಇಂಥ ಮುಂದುವರಿಕೆ ಯಾರಿಗೆ ಬೇಕಿತ್ತು? ನನಗೆ ಈಗಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ಗೊತ್ತಾಗುವುದಿಲ್ಲ.

ಬಸ್ಸಿನಲ್ಲಿ ಲಿಂಬೆಹುಳಿಯ ವಾಸನೆ ಇನ್ನೂ ಇತ್ತು. ನಾನು ಫೋನು ತೆರೆದು ‘ಮೊದಲಿಂದ’ ಎಂಬಲ್ಲಿ ಒತ್ತಿದೆ. ವಕೀಲ ಅಲ್ಲೇ ಕಾದಿದ್ದನೋ ಏನೋ. ಅವನ ವೋಟು ‘ಮುಂದುವರಿಯಲಿ’ ಎಂಬ ಕಡೆಗಿತ್ತು.

“ಎಂಥ ಮಾರಾಯ್ತಿ, ನೀನು ಪಕ್ಷ ಬಿಟ್ಟದ್ದು ಯಾವಾಗ?” ಎಂದು ಬರೆದ.

“ನನ್ನದಲ್ಲ. ಕಂಡಕ್ಟರಣ್ಣನ ವೋಟು. ನಾನು ಸಾಗಿಸಿದ್ದು ಮಾತ್ರ” ಎಂದು ಬರೆದೆ.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ವಕೀಲನ ವೋಟು ಈ ಕಡೆಗೆ ಬಂದಿತ್ತು.

ಬೆಳ್ತಂಗಡಿ ಬಂತು. ಹಿಂದಿನ ಸೀಟಿನ ಮಗು ನಿದ್ದೆ ಹೋಗಿತ್ತು, ಲಿಂಬೆಹುಳಿ ಅದರ ಕೈಯಿಂದ ಜಾರಿ ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತ್ತು. ಎತ್ತಿ, ಒಮ್ಮೆ ಮೂಸಿ, ತಾಯಿಯ ಕೈಗೆ ಕೊಟ್ಟು ಇಳಿದೆ. ನಾನು ರಸ್ತೆಯ ಬದಿಗೆ ಸರಿಯುವ ಮೊದಲೇ ಬಾಗಿಲಲ್ಲಿದ್ದ ಹುಡುಗ ನನ್ನ ಕಡೆ ನೋಡದೆ “ರೈಟ್ ಪೋಯಿ!” ಎಂದು ಕೂಗಿದ. ಬಸ್ಸು ಹೊರಟುಹೋಯಿತು.