ದೊಡ್ಡಮ್ಮನ ಮಡಿ ನೀರು

ಡ್ರಮ್ಮಿನ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ಮೊದಲು ಕಳಿತ ಬಾಳೆಹಣ್ಣಿನ ಸಿಹಿ, ಅದರ ಬೆನ್ನಿಗೇ ಗಂಟಲು ಹಿಡಿಯುವ ಘಾಟು. ನಾನು ಹಾವು ತುಳಿದವಳ ಹಾಗೆ ಹಿಂದಕ್ಕೆ ಹಾರಿದೆ. ಭಾನುವಾರದ ಬೆಳಗು, ಠಾಣೆ ನಗರದ ನಮ್ಮ ಸೊಸೈಟಿಯ ಟೆರೇಸಿನಲ್ಲಿ ಅಡುಗೆಮನೆಯ ಕಸವನ್ನು ಗೊಬ್ಬರ ಮಾಡುವುದು ಹೇಗೆಂದು ಕಲಿಸುವ ಕಾರ್ಯಕ್ರಮ. ಕಲಿಸುವವಳು ನಮ್ಮ ಕೆಳಗಿನ ಮಹಡಿಯ ಮೇಘನಾ, ಮೈಸೂರಿನ ಹುಡುಗಿ. ವಾರವಿಡೀ ಮಹಾಪೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಭಾನುವಾರ ಭೂಮಿಯನ್ನು ಉಳಿಸುವವಳು. ಒಳ್ಳೆಯ ಹುಡುಗಿ, ತಮಾಷೆಗೆ ಹೇಳಿದೆ ಅಷ್ಟೆ. ಅವಳ ಹಿಂದೆ ಎದೆಯೆತ್ತರದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. "ಯಾಕಾಂಟಿ, ಏನಾಯ್ತು? ಗುಜರಿ ಭಂಗಾರ್‌ನವನ ಹತ್ರ ತಗೊಂಡಿದ್ದು, ಚೆನ್ನಾಗಿ ತೊಳ್ಸಿದೀವಿ. ಸ್ವಲ್ಪ ಸ್ಮೆಲ್ ಇದೆ, ಬಿಸಿಲಿಗಿಟ್ರೆ ಹೋಗುತ್ತೆ" ಎಂದಳು. ಅದು ಹೋಗುವ ವಾಸನೆಯಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಎಷ್ಟು ಗೊತ್ತಿರಲಿಲ್ಲ ಎಂಬುದು ಇನ್ನರ್ಧ ಗಂಟೆಯಲ್ಲಿ ತಿಳಿಯುವುದಿತ್ತು.

ಆ ವಾಸನೆಯ ಜೊತೆಗೇ ಡೊಂಬಿವಲಿಯ ನಮ್ಮ ಚಾಳು ಎದ್ದು ಬಂತು. ಈಗ ಅಲ್ಲಿ ಗಾಜಿನ ಬಾಲ್ಕನಿಗಳ ಟವರ್ ನಿಂತಿದೆ. ಅದರ ಕಾವಲುಗಾರ ನನ್ನನ್ನು ಒಳಗೆ ಬಿಡುವುದೂ ಇಲ್ಲ. ಆಗ ಉದ್ದಕ್ಕೆ ಹೆಂಚಿನ ಮಾಡು, ಒಂದಕ್ಕೊಂದು ಅಂಟಿಕೊಂಡ ಮನೆಗಳು, ನಮ್ಮದು ಕೊನೆಯದು. ಹೊರಗೊಂದು ಕೋಣೆ, ಒಳಗೊಂದು ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಮೋಟುಗೋಡೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲವೂ ಆ ಮೋರಿಯಲ್ಲೇ. ಕಾರ್ಖಾನೆಗಳು ಬಹಳ ದೂರವಿರಲಿಲ್ಲ. ಕೆಲವು ಸಂಜೆ ಹಳದಿ ಹೊಗೆ ಚಾಳಿನ ಮೇಲೆ ಇಳಿದಾಗ ಅಮ್ಮ ಕಿಟಕಿ ಮುಚ್ಚುತ್ತಿದ್ದಳು, ನಾನೂ ತಮ್ಮನೂ ಕಣ್ಣುಜ್ಜಿಕೊಳ್ಳುತ್ತ ಇವತ್ತು ಕೊಳೆತ ಮೊಟ್ಟೆಯೋ ಸುಟ್ಟ ರಬ್ಬರೋ ಎಂದು ಪಂಥ ಕಟ್ಟುತ್ತಿದ್ದೆವು. ಅಪ್ಪ ಅಲ್ಲೇ ಒಂದು ಬಣ್ಣದ ಕಾರ್ಖಾನೆಯಲ್ಲಿ ಗೋಡೌನು ನೋಡಿಕೊಳ್ಳುತ್ತಿದ್ದರು. ಆ ಹೊಗೆ ನಮಗೆ ಅನ್ನ ಕೊಡುವ ಹೊಗೆ, ಅದನ್ನು ಬೈಯುವ ಹಾಗಿರಲಿಲ್ಲ.

ಆ ಮನೆಯ ಯಜಮಾನಿ ಅಮ್ಮ ಅಲ್ಲ, ದೊಡ್ಡಮ್ಮ. ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದವರು, ಸಣ್ಣ ಪ್ರಾಯದಲ್ಲೇ ತೀರಿಕೊಂಡರು. ಮಕ್ಕಳಿಲ್ಲದ ದೊಡ್ಡಮ್ಮ ಒಂದು ತಗಡಿನ ಪೆಟ್ಟಿಗೆ ಹಿಡಿದು ನಮ್ಮಲ್ಲಿಗೆ ಬಂದಳು, ಬಂದ ಮರುದಿನವೇ ಮೋರಿಯ ನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದಳಂತೆ. ಚರಂಡಿಗೆ ಎಂದಾಗ ಅವಳಿಗೆ ಎದೆ ಒಡೆದ ಹಾಗಾಯಿತಂತೆ. ಮನೆಯ ಹಿಂದೆ, ಗೋಡೆಗೂ ಗಟಾರಕ್ಕೂ ನಡುವೆ, ಚಾಪೆಯಗಲದ ಮಣ್ಣಿತ್ತು. ಅಲ್ಲಿ ಮುರಿದ ಕೊಡೆಗಳ ಕಡ್ಡಿ, ಗೋಣಿಯ ಹುರಿ ಸೇರಿಸಿ ಚಪ್ಪರ ಕಟ್ಟಿ ಬಸಳೆ ಹಬ್ಬಿಸಿದಳು. ಅಕ್ಕಿ ತೊಳೆದ ಅಕ್ಕಚ್ಚು ಬಸಳೆಗೆ, ಮೀನಿನಂಗಡಿಯ ಬೆಕ್ಕು ಬಗೆದ ಮಣ್ಣಿಗೆ ಮತ್ತೆ ಒಲೆಯ ಬೂದಿ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು, ಕಲ್ಲಂಗಡಿಯ ಬಿಳಿ ಭಾಗ ದೋಸೆಯಾಗುತ್ತಿತ್ತು. ಅಮ್ಮನ ಸೀರೆ ಹರಿದರೆ ನನ್ನ ಲಂಗ, ಲಂಗ ಹರಿದರೆ ಕೌದಿಯ ತುಂಡು, ಕೌದಿ ಜೂಲಾದರೆ ನೆಲ ಒರೆಸುವ ಬಟ್ಟೆ. ಅದೂ ನೂಲುನೂಲಾದ ಮೇಲೆ ಒಲೆ ಹೊತ್ತಿಸುವ ಚಿಂದಿ. ಹಳೆಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸು ಚಾಳಿನ ಎಲ್ಲ ಮನೆಯ ಮುಂದೆ ಕೂಗಿ ನಮ್ಮ ಬಾಗಿಲು ಬಂದಾಗ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದಳು. ಮೇಘನಾ ಟೆರೇಸಿನಲ್ಲಿ ಕಟ್ಟಿದ್ದ ಬಟ್ಟೆಯ ಮೇಲೆ "ಕಸದಿಂದ ರಸ" ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಕಸವೇ ಇರಲಿಲ್ಲ, ನೋಡಿ.

ಊಟಕ್ಕೆ ದೊಡ್ಡಮ್ಮ ಎಲ್ಲರ ನಂತರ ಕೂರುತ್ತಿದ್ದಳು. ಕಾವಲಿಗೆ ಹಿಡಿದು ಚಿಂದಿಯಾದ ಮೊದಲ ದೋಸೆ ಅವಳದ್ದು. ತಳ ಹಿಡಿದ ಅನ್ನ, ಹುಳಿ ಬಂದ ಪಲ್ಯ, ಒಂದು ಬದಿ ಕಪ್ಪಾದ ಬಾಳೆಹಣ್ಣು, ಎಲ್ಲ ಅವಳ ತಟ್ಟೆಗೆ. ನಾವು ಕೇಳಿದರೆ "ನಂಗೆ ಅದೇ ರುಚಿ ಮಕ್ಳೇ, ನಿಮಗೆಂತ ಗೊತ್ತುಂಟು" ಎಂದು ನಗುತ್ತಿದ್ದಳು. ನಾವು ನಂಬಿದ್ದೆವು. ಸೀದ ಅನ್ನಕ್ಕೆ ನಿಜವಾಗಿಯೂ ಏನೋ ವಿಶೇಷ ರುಚಿ ಇರಬೇಕೆಂದು ತಮ್ಮ ಒಮ್ಮೆ ಕದ್ದು ತಿಂದು ಉಗುಳಿ, ದೊಡ್ಡಮ್ಮನ ನಾಲಗೆ ಬೇರೆ ಥರದ್ದು ಎಂದು ತೀರ್ಪು ಕೊಟ್ಟಿದ್ದ. ಅವಳ ಸೆರಗಿನಲ್ಲಿ ಸದಾ ಸೀಗೆಯ ವಾಸನೆ ಇರುತ್ತಿತ್ತು. ಹೊಟ್ಟೆನೋವೆಂದು ನಾನು ಅದರಲ್ಲಿ ಮುಖ ಹುದುಗಿಸಿದರೆ ನೋವು ಅರ್ಧ ಇಳಿಯುತ್ತಿತ್ತು. ಈಗಲೂ ಎಲ್ಲಾದರೂ ಸೀಗೆ ಕಂಡರೆ ನಾನು ನಿಂತುಬಿಡುತ್ತೇನೆ.

ನೀರಿಗೆ ಆಗ ದೊಡ್ಡ ಬರ. ಬೆಳಗ್ಗೆ ಸಣ್ಣಗೆ ಬಂದು, ಮುನಿಸಿಕೊಂಡ ಅಳಿಯನ ಹಾಗೆ ಹೇಳದೆ ಕೇಳದೆ ಹೋಗುವ ನೀರು. ಚಾಳಿಗೆಲ್ಲ ಒಂದೇ ನಲ್ಲಿ, ಒಬ್ಬರಿಗೆ ಇಷ್ಟೇ ಕೊಡ ಎಂಬ ಕಟ್ಟುಪಾಡು. ಸಂಜೆ ಒಮ್ಮೊಮ್ಮೆ ಬಂದರೆ ಬಂತು, ತುಂಬಿಡಲು ಪಾತ್ರೆ ಇದ್ದವನೇ ಸಾಹುಕಾರ. ಅಂಥದ್ದರಲ್ಲಿ ಒಂದು ಬೇಸಗೆಯಲ್ಲಿ ಅಪ್ಪ ಸೈಕಲಿನ ಹಿಂದೆ ಕಟ್ಟಿಕೊಂಡು ನೀಲಿ ಡ್ರಮ್ಮನ್ನು ತಂದರು. ಕಾರ್ಖಾನೆಯಲ್ಲಿ ಸರಕು ಖಾಲಿಯಾದ ಡ್ರಮ್ಮು, ಬಿಸಾಡುವುದನ್ನು ಕೇಳಿ ತಂದದ್ದು. ಮನೆಗೆ ಫ್ರಿಜ್ಜು ಬಂದಷ್ಟು ಸಂಭ್ರಮ. ಅಪ್ಪ ಅದನ್ನು ತಟ್ಟಿ ತಟ್ಟಿ, "ನೋಡಿ ಅತ್ತಿಗೆ, ನೂರು ವರ್ಷ ಆದ್ರೂ ತೂತಾಗುದಿಲ್ಲ" ಎಂದರು. ಬಿಸಾಡುವ ವಸ್ತುವನ್ನು ಉಳಿಸಿ ತಂದ ಮೈದುನನನ್ನು ದೊಡ್ಡಮ್ಮ ಅಂದು ನೋಡಿದ ರೀತಿ ನನಗೆ ನೆನಪಿದೆ. ಹುಣಸೆಹುಳಿ, ಬೂದಿ ಹಾಕಿ ಉಜ್ಜಿದಳು, ಬೇವಿನ ಸೊಪ್ಪು ನೆನೆಸಿದಳು, ಬಿಸಿಲಿಗೆ ಮಲಗಿಸಿದಳು, ಕೊನೆಗೆ ಒಳಗೆ ಸಾಂಬ್ರಾಣಿಯ ಹೊಗೆಯನ್ನೂ ಹಿಡಿದಳು. ಆದರೂ ಮುಚ್ಚಳ ತೆಗೆದರೆ ಬಾಳೆಹಣ್ಣಿನ ವಾಸನೆ. ನಾವದಕ್ಕೆ ಬಾಳೆಹಣ್ಣಿನ ನೀರೆಂದು ಹೆಸರಿಟ್ಟು ಖುಷಿಯಿಂದಲೇ ಕುಡಿದೆವು.

ಆ ಬೇಸಗೆಯಲ್ಲೇ ಬಸಳೆ ಕರಟಿತು. ಎಲೆಗಳ ಅಂಚು ಕಪ್ಪಾಗಿ, ಒಳಕ್ಕೆ ಸುರುಳಿ ಸುತ್ತಿ, ಬಳ್ಳಿ ಬುಡದಿಂದಲೇ ಮೆತ್ತಗಾಯಿತು. ಯಾರದ್ದೋ ಕಣ್ಣು ತಾಗಿತೆಂದು ಪಕ್ಕದ ಮನೆಯವರು ಹೇಳಿದರು. ಶಾಲೆಯಿಂದ ಬಂದಾಗ ದೊಡ್ಡಮ್ಮ ಖಾಲಿ ತಂಬಿಗೆ ಹಿಡಿದು ಚಪ್ಪರದೆದುರು ನಿಂತಿದ್ದದ್ದನ್ನು ನೋಡಿದೆ, ಕರೆದರೂ ತಿರುಗಲಿಲ್ಲ. ಮರುದಿನ ಹೊಸ ಕಾನೂನು ಬಂತು. ಡ್ರಮ್ಮಿನ ನೀರು ಇನ್ನು ಮೇಲೆ ಅವಳ ಮಡಿ ನೀರು. ಬೇರೆ ಯಾರೂ ಮುಟ್ಟಕೂಡದು, ಮುಟ್ಟಿದರೆ ಮೈಲಿಗೆ. ನಮಗೆಲ್ಲ ಬೆಳಗಿನ ನಲ್ಲಿಯ ಕೊಡದ ನೀರು, ಅವಳಿಗೆ ಸ್ನಾನಕ್ಕೂ ಕುಡಿಯಲಿಕ್ಕೂ ಸಂಜೆ ತುಂಬಿಟ್ಟ ಡ್ರಮ್ಮಿನದ್ದು. ಹಾಗೆ ನೋಡಿದರೆ ದೊಡ್ಡಮ್ಮ ಮಹಾ ಮಡಿಯವಳೇನಲ್ಲ, ಲೋಕಲ್ ಟ್ರೇನಿನಲ್ಲಿ ಎಲ್ಲರ ನಡುವೆ ನುಗ್ಗಿ ಕೂತು ಬರುವವಳು. ಆದರೂ ಮಡಿ ಎಂದರೆ ಮುಗಿಯಿತು, ನಮ್ಮ ಕಡೆಯ ಮಕ್ಕಳಿಗೆ ಅದಕ್ಕಿಂತ ಎತ್ತರದ ಬೇಲಿ ಇಲ್ಲ. ತಮ್ಮ ಚೆಂಡು ಡ್ರಮ್ಮಿನ ಹತ್ತಿರ ಉರುಳಿದರೂ ಕೋಲಿನಲ್ಲಿ ಎಳೆದುಕೊಳ್ಳುತ್ತಿದ್ದ.

ಆಮೇಲಿನದ್ದು ನೆನಪಿನಲ್ಲಿ ಮಸುಕು. ಅವಳ ಅಂಗೈ ಸುಲಿದದ್ದು, ಬಾಯಿಹುಣ್ಣೆಂದು ಖಾರ ಬಿಟ್ಟದ್ದು, ಕಾಲು ಬಾತದ್ದು, ಕಲ್ಯಾಣದ ಆಸ್ಪತ್ರೆಯ ಮಂಚದಿಂದ ಕೈ ಚಾಚಿ ನನ್ನ ಜಡೆ ಸರಿಮಾಡಿದ್ದು. ಕಿಡ್ನಿ ಎಂದರಂತೆ. ಎರಡು ಮಳೆಗಾಲ ದಾಟುವ ಮೊದಲೇ ದೊಡ್ಡಮ್ಮ ಹೋದಳು. ಹದಿಮೂರನೆಯ ದಿನದ ಊಟ ಮುಗಿದ ಮಧ್ಯಾಹ್ನ ಅಮ್ಮ ಸ್ಟವ್ವಿನಲ್ಲಿ ಕಬ್ಬಿಣದ ಸರಳು ಕೆಂಪಗೆ ಕಾಯಿಸಿ, ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿ, ತಳಕ್ಕೆ ಚುಚ್ಚಿದಳು. ಒಂದು ಕಡೆಯಲ್ಲ, ಸುತ್ತ, ಜರಡಿಯಾಗುವವರೆಗೂ. ನೂರು ವರ್ಷ ತೂತಾಗದ ಡ್ರಮ್ಮು! ಅಪ್ಪ ಬಾಗಿಲಲ್ಲಿ ನಿಂತು ನೋಡಿದರು, ಏಕೆಂದು ಕೇಳಲಿಲ್ಲ. ಸತ್ತವರ ಮಡಿಯ ಪಾತ್ರೆ ಬೇರೆಯವರು ಬಳಸಬಾರದು ಎಂಬ ಶಾಸ್ತ್ರವಿರಬೇಕು ಎಂದು ನಾವು ಮಕ್ಕಳು ನಮ್ಮ ಪಾಡಿಗೆ ಅಂದುಕೊಂಡೆವು.

ಈ ಕಥೆಯನ್ನು ನಾನು ತಮಾಷೆಯಾಗಿ ಹೇಳುತ್ತ ಬಂದವಳು. ಆಫೀಸಿನ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ, ನೆಂಟರ ಮದುವೆಗಳಲ್ಲಿ. ಅಂದು ಟೆರೇಸಿನಲ್ಲೂ, ನಾನು ಹಾರಿದ್ದಕ್ಕೆ ಎಲ್ಲರೂ ನಗುತ್ತಿದ್ದುದರಿಂದ, ಹಿಂದಿ ಮರಾಠಿ ಬೆರೆಸಿ ಅದನ್ನೇ ಹೇಳಿದೆ. ಕಾರ್ಖಾನೆಯ ಡ್ರಮ್ಮಿಗೆ ಮಡಿ ಮಾಡಿದ ನಮ್ಮ ದೊಡ್ಡಮ್ಮ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಘನಾ ಕಣ್ಣೊರೆಸಿಕೊಂಡು, "ಸೂಪರ್ ಆಂಟಿ, ನಿಜವಾದ ಝೀರೋ ವೇಸ್ಟ್ ಅಂದ್ರೆ ಅವ್ರೇ" ಎಂದಳು. ನಗದೇ ಇದ್ದವಳು ಒಬ್ಬಳೇ, ನನ್ನ ಜೊತೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನ್ನ ಅಮ್ಮ.

"ಅದು ಮಡಿಯೂ ಅಲ್ಲ, ಮಣ್ಣೂ ಅಲ್ಲ" ಎಂದಳು. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. "ಬಸಳೆಗೆ ಅಕ್ಕ ಡ್ರಮ್ಮಿನ ನೀರು ಹಾಕಿದ್ದು. ಅದು ಕರಟಿದ ದಿವಸವೇ ಅವಳಿಗೆ ಗೊತ್ತಾಯ್ತು. ವಿಷ ಅಂತ ಹೇಳಿದ್ರೆ ನಿನ್ನ ಅಪ್ಪ ಜೀವ ಇಟ್ಕೊಳ್ತಿದ್ರಾ? ಆಸೆಯಲ್ಲಿ ತಂದದ್ದಲ್ವಾ. ಮಡಿ ಅಂದ್ರೆ ಮಕ್ಳು ಮುಟ್ಟುದಿಲ್ಲ, ಯಾರೂ ಕೇಳುದೂ ಇಲ್ಲ ಅಂದ್ಲು."

ಸುತ್ತಲಿನವರು ಇನ್ನೂ ನಗುತ್ತಲೇ ಇದ್ದರು. "ಹಾಗಾದ್ರೆ ಅವಳ್ಯಾಕೆ ಕುಡಿದದ್ದು?" ಎಂದೆ.

"ನಲ್ಲಿಯದ್ದು ನಿಮಗೆಲ್ಲ ಸಾಕಾಗ್ಬೇಕಲ್ಲ ಮಾರಾಯ್ತಿ. ಅವಳ ಸರದಿ ಬರುವಾಗ ಕೊಡ ಖಾಲಿ. ನಾನು ಜಗಳ ಮಾಡಿದೆ, ನನ್ನ ಪಾಲಿನದ್ದು ಕೊಡ್ತೇನೆ ಅಂದೆ. ನೀನು ಮಕ್ಕಳ ತಾಯಿ, ಸುಮ್ಮನಿರು ಅಂದ್ಲು. ಬಸಳೆ ಎಳೆಯದ್ದು, ಕರಟಿತು, ನಾನು ಹಳೇ ಮರ ಅಂದ್ಲು. ನಿನ್ನ ಅಪ್ಪನಿಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ಲು. ಈಗ ಅವರೂ ಇಲ್ಲ, ಹೇಳಿದೆ." ಹಳೇ ಮರ! ಈಗ ಲೆಕ್ಕ ಹಾಕಿದರೆ ಆ ಹಳೇ ಮರಕ್ಕೆ ಆಗ ಈಗಿನ ನನ್ನಷ್ಟೂ ವಯಸ್ಸಾಗಿರಲಿಲ್ಲ. ಆ ನೀರೇ ಅವಳನ್ನು ಕೊಂದದ್ದೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ವೈದ್ಯರು ಕೇಳಲಿಲ್ಲ, ಇವರು ಹೇಳಲಿಲ್ಲ. ಆದರೆ ಕೊಲ್ಲಬಹುದೆಂದು ತಿಳಿದೇ ಅವಳು ಲೋಟ ಎತ್ತಿದ್ದಳು, ನಮ್ಮ ಕಣ್ಣೆದುರಿಗೇ, ದಿನಾ, ನಗುತ್ತ. ಏನೂ ಹಾಳಾಗದ ಆ ಮನೆಯಲ್ಲಿ ಹಾಳಾದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೆಂದು ನಾನು ಈ ಐವತ್ತರ ಹತ್ತಿರದವರೆಗೂ ಯೋಚಿಸಿರಲಿಲ್ಲ. ಅದು ಚರಂಡಿಗೆ ಹೋಗುತ್ತಿರಲಿಲ್ಲ, ದೊಡ್ಡಮ್ಮನ ಹೊಟ್ಟೆಗೆ ಹೋಗುತ್ತಿತ್ತು.

ಅಮ್ಮ ಕುರ್ಚಿ ಹಿಡಿದು ಎದ್ದು ಮೇಘನಾಳ ಹತ್ತಿರ ಹೋದಳು. "ಮಗಾ, ಇದರಲ್ಲಿ ಮೊದಲು ಎಂತ ಇತ್ತು?" ಎಂದು ಕೇಳಿದಳು. ಮೇಘನಾ ಡ್ರಮ್ಮನ್ನು ಒಂದು ಸುತ್ತು ಬಂದು ನೋಡಿದಳು. ಚೀಟಿ ಹರಿದ ಗುರುತು ಮಾತ್ರ ಇತ್ತು. "ಗೊತ್ತಿಲ್ಲ ಅಜ್ಜಿ. ಕೇಳ್ಲೇ ಇಲ್ಲ" ಎಂದಳು. ಮರುದಿನವೇ ಆ ಡ್ರಮ್ಮುಗಳು ಹೋದವು, ಮಣ್ಣಿನ ದೊಡ್ಡ ಕುಂಡಗಳು ಬಂದವು. ಹುಡುಗಿ ಒಳ್ಳೆಯವಳೆಂದು ಆಗಲೇ ಹೇಳಿದೆನಲ್ಲ.

ಆ ಭಾನುವಾರ ರಾತ್ರಿಯೇ ಊಟಕ್ಕೆ ಕೂತಾಗ ಮಗಳಿಗೆ ಎಲ್ಲವನ್ನೂ ಹೇಳಿದೆ. ತನ್ವಿ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕಣ್ಣು ತುಂಬಿಕೊಂಡು ಕೇಳಿದಳು. ಬೆಳಗ್ಗೆ ಎದ್ದು ದೋಸೆ ಹುಯ್ದೆ. ಮೊದಲನೆಯದು ಏಳಲಿಲ್ಲ, ಕಾವಲಿಗೆ ಹಿಡಿದು ಸೀದು ಚೂರಾಯಿತು. ಆಮೇಲಿನವು ಸರಿಯಾಗಿ ಎದ್ದವು, ಇಬ್ಬರಿಗೂ ಬಡಿಸಿ ನಾನೂ ಕೂತೆ. ಅಮ್ಮ ನನ್ನ ತಟ್ಟೆಯನ್ನು ನೋಡಿ ಕೈ ಚಾಚಿದಳು. "ಅದು ಇತ್ಲಾಗಿ ಕೊಡು, ನಾನು ತಿಂತೇನೆ."

ತನ್ವಿ ಮೊಬೈಲಿನಿಂದ ತಲೆ ಎತ್ತದೆ, "ರೆಹ್ನೇ ದೋ ನಾ ಅಜ್ಜಿ, ಮಮ್ಮಿ ಕೋ ವಹೀ ಪಸಂದ್ ಹೈ" ಎಂದಳು.

ನನ್ನ ಕೈಯ ತುತ್ತು ಅಲ್ಲೇ ನಿಂತಿತು. ನನಗೆ ಅದೇ ಇಷ್ಟವೆಂದು ಅವಳಿಗೆ ಯಾವಾಗ ಹೇಳಿದ್ದೆನೋ, ಎಷ್ಟು ವರ್ಷ ಹೇಳಿದ್ದೆನೋ. ಆ ಚೂರುಗಳನ್ನು ನನ್ನ ತಟ್ಟೆಗೆ ಹಾಕಿಕೊಂಡದ್ದು ನನಗೇ ತಿಳಿದಿರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಬಿಸಾಡಲು ಮನಸ್ಸು ಬರಲಿಲ್ಲ, ಅದು ಈ ಜನ್ಮಕ್ಕೆ ಸಾಧ್ಯವಿಲ್ಲ. ಅದನ್ನು ಮೂರು ಪಾಲು ಮಾಡಿ, ಒಂದನ್ನು ಅಮ್ಮನಿಗೆ, ಒಂದನ್ನು ಮಗಳಿಗೆ ಹಾಕಿದೆ. ತನ್ವಿ ಬಾಯಿಗಿಟ್ಟು ಮುಖ ಕಿವುಚಿದಳು.

"ಮಮ್ಮಿ, ಯೇ ತೋ ಜಲಾ ಹುವಾ ಹೈ. ಕಡ್ವಾ ಹೈ."

"ಹೌದು ಮಗಾ, ಕಹಿ" ಎಂದೆ. "ದೊಡ್ಡಮ್ಮನಿಗೂ ಅದು ಕಹಿಯೇ ಇತ್ತು."