ಬಣ್ಣದಣ್ಣನ ಬಲಗಣ್ಣು

ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನಿಗೆ ಎಲ್ಲರೂ ಇಟ್ಟ ಹೆಸರು ಬಣ್ಣದಣ್ಣ. ಗೋಡೆಯಿಂದ ಉದುರಿದ ಉಗುರಗಲದ ಚಕ್ಕೆ ತಂದುಕೊಟ್ಟರೆ ಸಾಕು, ಡಬ್ಬಿಗೆ ಅಷ್ಟು ಹಳದಿ, ಇಷ್ಟು ಕಪ್ಪು ಬಿಟ್ಟು ಕಲಸಿ ಅದೇ ಬಣ್ಣ ತೆಗೆಯುತ್ತಿದ್ದ. ಮೆಷಿನ್ ಬಂದ ಮೇಲೂ ಪೇಂಟರುಗಳು ಅವನ ಮೇಜಿಗೇ ಬರುತ್ತಿದ್ದರು. ಜಂಬಕ್ಕೇನೂ ಕಡಿಮೆಯಿರಲಿಲ್ಲ. “ಮೆಷಿನ್‌ಗೆ ಕಣ್ಣಿದ್ಯಾ?” ಎಂದು ಮಾಲೀಕನನ್ನೇ ಕೇಳುತ್ತಿದ್ದ.

ಅಂಥವನ ಎಡಗಣ್ಣನ್ನು ಗ್ಲಾಕೋಮಾ ಸದ್ದಿಲ್ಲದೆ ನುಂಗಿತ್ತು. ಒತ್ತಡ ಏರಿ ಕಣ್ಣಿನ ನರ ಸತ್ತರೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಬಲಗಣ್ಣಾದರೂ ಉಳಿಯಲಿ ಎಂದು ಡಾಕ್ಟರು ಆಪರೇಷನ್ ಹೇಳಿದರು. ಅವನನ್ನು ಹೊರಗೆ ಕೂರಿಸಿ ಹೆಂಡತಿಯೊಬ್ಬಳೇ ಒಳಗೆ ಹೋಗಿ ಮಾತಾಡಿದಳು.

“ಆಪರೇಷನ್ ಆದ್ಮೇಲೆ ಪೊರೆ ಬೇಗ ಬರಬಹುದಮ್ಮಾ. ಮಂಜಾದ್ರೆ ಹೆದರ್ಬೇಡಿ, ತೆಗೀಬಹುದು. ತಕ್ಷಣ ಬನ್ನಿ. ಡ್ರಾಪ್ಸ್ ಮಾತ್ರ ನಿಲ್ಲಿಸ್ಬಾರ್ದು.”

ಸೂಜಿ ಕಂಡರೆ ಬೆವರುವ ಗಂಡ, ಇನ್ನೊಂದು ಆಪರೇಷನ್ ಅಂದರೆ ಅಲ್ಲಿಂದಲೇ ಕಾಲು ಕಿತ್ತಾನು. “ಏನಂದ್ರು?” ಎಂದು ಕೇಳಿದಾಗ, “ಎಲ್ಲಾ ಸರಿಹೋಗತ್ತಂತೆ ರೀ, ಡ್ರಾಪ್ಸ್ ಹಾಕ್ತಿರ್ಬೇಕಂತೆ,” ಎಂದಳು. ಪೊರೆಯ ಮಾತೆತ್ತಲಿಲ್ಲ.

ಆಪರೇಷನ್ ಆದ ಎರಡನೇ ವರ್ಷ ಪೇಂಟರೊಬ್ಬ ಡಬ್ಬಿ ವಾಪಸ್ ತಂದ. ಕೆನೆ ಬಣ್ಣ ಕೇಳಿದ್ದಕ್ಕೆ ಬಿಳಿ ಸಿಕ್ಕಿತ್ತು. ಬಣ್ಣದಣ್ಣನ ಕಣ್ಣಿಗೆ ಎರಡೂ ಒಂದೇ. ಆಪರೇಷನ್ ಕೈಕೊಟ್ಟಿತು, ಈ ಕಣ್ಣೂ ಆ ಕಣ್ಣಿನ ದಾರಿ ಹಿಡಿಯಿತು ಎಂದೇ ತಿಳಿದ. ಹೋಗುವ ಕಣ್ಣಿಗೆ ಔಷಧಿ ಯಾಕೆ? ಡ್ರಾಪ್ಸ್ ಹಾಕುವುದನ್ನೇ ಬಿಟ್ಟ. ತಪಾಸಣೆಗೆಂದು ಹೊರಟು, ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ವಾಪಸ್ ಬರುತ್ತಿದ್ದ. ಹೆಂಡತಿ ಕೇಳಿದರೆ, “ಎಲ್ಲಾ ಸರಿಯಾಗಿದ್ಯಂತೆ,” ಎನ್ನುತ್ತಿದ್ದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕಾಪಾಡಿದ ಚೆಂದ ಇದು! ಹೊಟ್ಟೆ ಉರಿಯುತ್ತದೆ, ಆದರೆ ಯಾರನ್ನು ಬಯ್ಯುವುದು?

ಹತ್ತು ತಿಂಗಳಾದ ಮೇಲೆ ಅವನು ಬಾಗಿಲೆಂದು ಗೋಡೆಗೆ ಹಾಯ್ದು ಹಣೆ ಒಡೆದುಕೊಂಡ. ಅವಳು ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಕಣ್ಣು ನೋಡಿ ದೀಪ ಆರಿಸಿದರು.

“ಮೊದಲು ಬಂದದ್ದು ಬರೀ ಪೊರೆ. ಆಗ ಬಂದಿದ್ರೆ ತೆಗೀಬಹುದಿತ್ತು. ಡ್ರಾಪ್ಸ್ ನಿಲ್ಲಿಸಿದ್ದಕ್ಕೆ ನರಾನೇ ಹೋಗಿದೆ. ಇನ್ನು ಪೊರೆ ತೆಗೆದ್ರೂ ಕಾಣಲ್ಲ. ಪೊರೆ ಬರತ್ತೆ ಅಂತ ಆಗ್ಲೇ ಹೇಳಿದ್ನಲ್ಲಮ್ಮಾ?”

“ನಿಂಗೆ ಗೊತ್ತಿತ್ತಾ?” ಎಂದ ಗಂಡ.

“ನೀವು ಹೆದರ್ತೀರಾ ಅಂತ...” ಎಂದಳು ಅವಳು.

ಅವನು ಬಯ್ಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

“ಪೊರೆ ಅಂತ ಗೊತ್ತಿದ್ದಿದ್ರೆ ಓಡಿ ಬರ್ತಿದ್ದೆ ಕಣೆ,” ಎಂದ ಮೆಲ್ಲಗೆ. ಅವಳು ಅವನ ಬಲಕ್ಕೆ ಕೂತಿದ್ದಳು. ಅವನು ಮುಖ ತಿರುಗಿಸಿ ಅದನ್ನು ಹೇಳಿದ್ದು ಎಡಗಡೆಯ ಖಾಲಿ ಕುರ್ಚಿಗೆ.